ಸತ್ಯಾಂಶ: ಪರಮಾಣುವಿನ ಚಿತ್ರ ಕಂಪ್ಯೂಟರ್ ಕಲ್ಪನೆಯಲ್ಲ

ವಿಜಯಪುರದ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಆಗಾಗ ಸುತ್ತುತ್ತದೆ: ಪರಮಾಣುವಿನ ಚಿತ್ರಗಳೆಲ್ಲ ಸುಮ್ನೆ ಕಂಪ್ಯೂಟರಿನಲ್ಲಿ ಬರೆದವು. ಇದು ತಪ್ಪು. ಅನುಮಾನ ಸಹಜವೇ. ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಪರಮಾಣು ಕಾಣುವುದಿಲ್ಲ, ಚಿತ್ರದ ಬಣ್ಣವೂ ಆಮೇಲೆ ಹಾಕಿದ್ದು. ಆದರೆ ಅದರ ಉಬ್ಬು ತಗ್ಗು ಅಳತೆಯಿಂದ ಬಂದದ್ದು.

1981ರಲ್ಲಿ ರೂಪುಗೊಂಡ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿಗೆ ಬೆಳಕೇ ಬೇಡ. ಚೂಪಾದ ಲೋಹದ ಮೊನೆಯನ್ನು ಮೇಲ್ಮೈಗೆ ತಾಗದಷ್ಟು ಹತ್ತಿರ ಒಯ್ದು, ಎರಡರ ನಡುವೆ ವೋಲ್ಟೇಜ್ ಕೊಟ್ಟು, ಹರಿಯುವ ಅತಿ ಸಣ್ಣ ಕರೆಂಟನ್ನು ಅಳೆಯುತ್ತಾರೆ. ಅಂತರ 0.1 ನ್ಯಾನೊಮೀಟರ್ ಹೆಚ್ಚಿದರೆ ಸಾಕು, ಕರೆಂಟ್ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೊನೆಯನ್ನು ಮೇಲ್ಮೈ ಮೇಲೆ ಸಾಲುಸಾಲಾಗಿ ಸರಿಸುತ್ತಾ ಹೀಗೆ ಅಳೆದದ್ದೇ ಚಿತ್ರವಾಗುತ್ತದೆ.

ನನಗೆ ಇನ್ನೂ ಸೋಜಿಗ ಎನಿಸುವುದು ಇದು: ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದಲ್ಲಿ ಕೆಲವು ಪದರ ಕೆಳಗೆ ಹುದುಗಿದ ಸಿಲಿಕಾನ್ ಬೆರಕೆ ಪರಮಾಣುವನ್ನೂ (ಬೇಕೆಂದೇ ಅಲ್ಪ ಪ್ರಮಾಣದಲ್ಲಿ ಸೇರಿಸಿದ ಬೇರೆ ಧಾತುವಿನ ಪರಮಾಣು) ಗುರುತಿಸಬಹುದು. ಮೊನೆ ಒಳಗೆ ಇಣುಕುವುದಿಲ್ಲ. ಬೆರಕೆಯ ವಿದ್ಯುದಾವೇಶದ ಪ್ರಭಾವ ಮೇಲ್ಮೈಯ ಎಲೆಕ್ಟ್ರಾನುಗಳವರೆಗೂ ಮುಟ್ಟುತ್ತದೆ, ಚಿತ್ರದಲ್ಲಿ ಮಸುಕು ಉಬ್ಬು ಮೂಡುತ್ತದೆ. ಆಳ ಜಾಸ್ತಿಯಾದಂತೆ ಆ ಉಬ್ಬು ತಗ್ಗುತ್ತಾ ಹರಡುತ್ತದೆ.

ಇಂಥ ಚಿತ್ರ ಬಂದರೆ ಅಳತೆಪಟ್ಟಿ, ವೋಲ್ಟೇಜ್, ಕರೆಂಟ್ ನಮೂದಾಗಿವೆಯೇ ನೋಡಿ. ಚಿತ್ರವನ್ನೇ ಹಾಕಿ ಗೂಗಲ್‌ನಲ್ಲಿ ಹುಡುಕಿ, ಮೂಲ ಸಂಶೋಧನಾ ಪ್ರಬಂಧ ಸಿಕ್ಕೀತು. ವೋಲ್ಟೇಜ್ ಬದಲಿಸಿದಾಗ ಚಿತ್ರ ಹೇಗೆ ಬದಲಾಯಿತೆಂದು ಹೆಚ್ಚಾಗಿ ಅಲ್ಲೇ ಬರೆದಿರುತ್ತಾರೆ. ಅರ್ಥವಾಗದಿದ್ದರೆ ಕಾಲೇಜಿನ ಭೌತಶಾಸ್ತ್ರದ ಸರ್ ಅವರನ್ನು ಕೇಳಿ.