ಹನ್ನೆರಡು ರೂಪಾಯಿ ಜಾಸ್ತಿ

ನಿನ್ನೆ ರಾತ್ರಿ ನಾನು ಊಟಕ್ಕೆ ಕೂತಾಗ ಹತ್ತೂವರೆ. ಮೂರು ಸಲ ಬಿಸಿ ಮಾಡಿದ ಸಾರಿನಲ್ಲಿ ಹುಳಿ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಯಾಕೆ ತಡ ಅಂತ ಹೆಂಡತಿ ಕೇಳಲಿಲ್ಲ. ಕೇಳಿದ್ದರೆ ಏನಂತ ಹೇಳುತ್ತಿದ್ದೆ? ಹನ್ನೆರಡು ರೂಪಾಯಿ ಅಂತಲಾ?

ನಮ್ಮದು ತುಮಕೂರಿನ ಒಂದು ಬಡಾವಣೆಯ ಸೇವಾ ಬಳಗ. ರೋಟರಿ, ಲಯನ್ಸ್ ಥರ ಗಂಟೆ, ಬ್ಯಾಡ್ಜು ಏನೂ ಇಲ್ಲ. 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಮತ್ತು ಗೆಳೆಯರು ಸರದಿ ಮೇಲೆ ಒಬ್ಬೊಬ್ಬರ ಆಫೀಸಿನಲ್ಲಿ ಸೇರುತ್ತಿದ್ದರು, ಅದಕ್ಕೇ ರೋಟರಿ ಅಂತ ಹೆಸರಾಯಿತು. ನಾವೂ ಸರದಿಯಲ್ಲೇ ಶುರು ಮಾಡಿದೆವು. ಬೋಂಡ ಚೆನ್ನಾಗಿ ಮಾಡುವ ಮನೆ ಸಿಕ್ಕಿದ ದಿನ ಚಕ್ರ ನಿಂತಿತು. ಎರಡು ವರ್ಷದಿಂದ ಅದೇ ಮನೆಯ ವರಾಂಡ.

ಸಭೆ ಏಳಕ್ಕೆ. ಅಂದರೆ ಏಳೂಮುಕ್ಕಾಲಿಗೆ ಅಂತ ನಿಮಗೂ ಗೊತ್ತಲ್ವಾ? ನಮ್ಮಲ್ಲಿ ಅರ್ಧ ಜನ ದಿನಾ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಓಡಾಡುವವರು. ರೈಲು ಕ್ಯಾತ್ಸಂದ್ರ ಬಿಟ್ಟಿತು ಅಂತ ಮೆಸೇಜು ಬಂದ ಮೇಲೇ ಇಲ್ಲಿ ಬಾಣಲೆ ಒಲೆ ಹತ್ತುವುದು.

ನಿನ್ನೆಯ ವಿಷಯ, ಕಳೆದ ಭಾನುವಾರದ ರಕ್ತದಾನ ಶಿಬಿರ. ಶಿಬಿರ ಚೆನ್ನಾಗೇ ನಡೆಯಿತು. ಹಿಮೋಗ್ಲೋಬಿನ್ 12.5 ಇಲ್ಲ ಅಂತ ಕೆಲವರು ವಾಪಸ್ಸಾದರು. ಒಬ್ಬ ಹುಡುಗ 45 ಕೆಜಿ ಮುಟ್ಟಲು ಜೇಬಿನಲ್ಲಿ ಬೀಗ, ಪವರ್ ಬ್ಯಾಂಕು ಎಲ್ಲ ಇಟ್ಟುಕೊಂಡು ತಕ್ಕಡಿ ಹತ್ತಿದ, ನರ್ಸಮ್ಮ ಬಿಡಲಿಲ್ಲ. ಅಧ್ಯಕ್ಷರು ರಕ್ತದಾನದ ಮಹಿಮೆ ಬಗ್ಗೆ ಅರ್ಧ ಗಂಟೆ ಮಾತಾಡಿ, "ನಾನು ಮೊನ್ನೆ ತಾನೇ ಕೊಟ್ಟಿದ್ದೀನಿ" ಅಂದರು. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು. ಅವರ ಮೊನ್ನೆ ಎರಡು ವರ್ಷದಿಂದ ನಡೆಯುತ್ತಿದೆ.

ಇಷ್ಟನ್ನು ಹತ್ತು ನಿಮಿಷದಲ್ಲಿ ಮುಗಿಸಿ ಏಳಬಹುದಿತ್ತು. ಆಗ ಖಜಾಂಚಿಗಳು ಕನ್ನಡಕ ಒರೆಸಿದರು.

ನಮ್ಮ ಖಜಾಂಚಿಗಳು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ರಿಟೈರ್ ಆಗಿದ್ದಾರೆ ಅಂತ ಅವರ ಬೆರಳುಗಳಿಗೆ ಇನ್ನೂ ಯಾರೂ ಹೇಳಿಲ್ಲ. ಮದುವೆ ಮನೆಯಲ್ಲಿ ತಾಂಬೂಲ ಕೊಟ್ಟರೆ ವೀಳ್ಯದೆಲೆಯನ್ನೂ ಹೆಬ್ಬೆರಳಲ್ಲಿ ಸರ್ರನೆ ಎಣಿಸುತ್ತಾರೆ. ನಿನ್ನೆ ಬಿಸ್ಕತ್ತಿನ ಡಬ್ಬಿಯಿಂದ ಬಳಗದ ಹಣ ಸುರಿದು, ನೋಟುಗಳ ಮುಖವನ್ನೆಲ್ಲ ಒಂದೇ ಕಡೆ ತಿರುಗಿಸಿ, ಎಣಿಸಿ, ಮತ್ತೆ ಎಣಿಸಿ, "ಹನ್ನೆರಡು ರೂಪಾಯಿ ವ್ಯತ್ಯಾಸ" ಅಂದರು.

"ಹನ್ನೆರಡು ತಾನೇ ಸಾರ್, ನಾನೇ ಹಾಕ್ತೀನಿ" ಅಂತ ನಾನು ಜೇಬಿಗೆ ಕೈ ಹಾಕಿದೆ.

"ಕಮ್ಮಿ ಬಂದಿದ್ರೆ ನಾನೇ ಹಾಕ್ತಿದ್ದೆ ಕಣ್ರೀ. ಜಾಸ್ತಿ ಬಂದಿದೆ. ಯಾರಿಗೆ ಅಂತ ಕೊಡ್ಲಿ?"

ಅಲ್ಲಿಗೆ ಎಲ್ಲ ವೋಚರು ಹೊರಗೆ ಬಂತು. ಶಾಮಿಯಾನ, ಬಾಳೆಹಣ್ಣು, ಬ್ಯಾನರು. ಬ್ಯಾನರಿನವನಿಗೆ ಫೋನು ಹೋಯಿತು. ಊಟ ಮಾಡುತ್ತಿದ್ದ ಶಾಮಿಯಾನದವನು, ಹಣ ಕಮ್ಮಿ ಕೊಟ್ಟಿದ್ದೀವಿ ಅಂತ ಹೇಳುತ್ತಿದ್ದೀವೇನೋ ಅಂದುಕೊಂಡು ಇನ್ನೂರು ಕೇಳಿದ. ಯಾರೋ ಒಬ್ಬರು, "ದೇವರ ಹುಂಡಿಗೆ ಹಾಕಿಬಿಡಿ" ಅಂದರು. "ದೇವರು ರಸೀದಿ ಕೊಡ್ತಾನೇನ್ರೀ?" ಬೋಂಡ ಆರಿತು. ಚಟ್ನಿ ಮೇಲೆ ನೀರು ನಿಂತಿತು. ಗಿಡಗಳಿಗೆ ನೀರು ಹಾಕುವ ಪಾಳಿ ಯಾರದು ಅಂತ ಚರ್ಚೆಯಾಗಬೇಕಿತ್ತು; ಅದು ಹೋದ ತಿಂಗಳೂ ಆಗಿರಲಿಲ್ಲ, ನಿನ್ನೆಯೂ ಆಗಲಿಲ್ಲ. ಗಿಡಗಳು ಮಳೆಯನ್ನೇ ನಂಬಿಕೊಂಡಿವೆ.

ಒಂಬತ್ತೂಕಾಲಿಗೆ ನನಗೆ ತಡೆಯಲಾಗಲಿಲ್ಲ. "ಸಾರ್, ಇದು ರಿಸರ್ವ್ ಬ್ಯಾಂಕಲ್ಲ!" ಅಂತ ಜೋರಾಗೇ ಅಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬಿಸ್ಕತ್ತು, ಜ್ಯೂಸಿನ ಬಿಲ್ಲು ಎತ್ತಿ ದೀಪಕ್ಕೆ ಹಿಡಿದರು. "ಸಾವಿರದ ಆರುನೂರ ಹನ್ನೆರಡು."

ಆಗ ನನಗೆ ಅಂಗಡಿಯವನ ಮುಖ ಕಣ್ಣಿಗೆ ಬಂತು. ತಂದವನು ನಾನೇ. "ರಕ್ತದಾನಕ್ಕಾ ಸಾರ್? ಚಿಲ್ಲರೆ ಬಿಡಿ, ಸಾವಿರದ ಆರುನೂರು ಕೊಡಿ" ಅಂದಿದ್ದ. ಬಿಲ್ಲು ಹಾಗೇ ಇತ್ತು. ಎರಡು ಸಾವಿರದಲ್ಲಿ ಉಳಿದ ನಾನೂರನ್ನು ಎಣಿಸದೆ ಡಬ್ಬಿಗೆ ಹಾಕಿದ್ದೆ.

ಬಾಯಿ ತೆರೆದೆ. ಒಂದೂವರೆ ಗಂಟೆಯಿಂದ ಎಲ್ಲರಿಗಿಂತ ಜಾಸ್ತಿ ಗೊಣಗಿದವನು ನಾನೇ ಅನ್ನುವುದು ನೆನಪಾಯಿತು. ಆರಿದ ಬೋಂಡ ಇಟ್ಟುಕೊಂಡು ಬಾಯಿ ಮುಚ್ಚಿದೆ.

ಹೊರಡುವಾಗ ಕತ್ತಲಲ್ಲಿ ಅವರ ಜೊತೆ ತಿರುವಿನವರೆಗೆ ನಡೆದೆ. ಹನ್ನೆರಡು ರೂಪಾಯಿಯನ್ನು ಬೇರೆ ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆದು ಅಂಗಿಯ ಜೇಬಲ್ಲಿ ಇಟ್ಟುಕೊಂಡಿದ್ದರು. "ಮನೇಲಿ ಲೆಕ್ಕ ಅಂತ ಏನಿದೆ ಹೇಳಿ" ಅಂದರು. "ಇವಳು ಹೋದ ಮೇಲೆ ಹಾಲು ಅರ್ಧ ಲೀಟರು. ಅದೂ ದಿನಾ ಒಂದೇ. ತಪ್ಪೋದೇ ಇಲ್ಲ." ಗೇಟಿನ ಹತ್ತಿರ ನಿಂತು ಲಕೋಟೆ ಮುಟ್ಟಿ ನೋಡಿಕೊಂಡರು. "ಹಿಡೀತೀನಿ ಬಿಡಿ ಇದನ್ನ." ದನಿಯಲ್ಲಿ ಎಂಥ ಹುರುಪು ಅಂತೀರಿ! ಹೇಳೋಣ ಅಂದುಕೊಂಡಿದ್ದೆ, ಆಗಲೂ ಹೇಳಲಿಲ್ಲ.

ಬೆಳಿಗ್ಗೆ ಎದ್ದು ಸಭೆಯ ನಡಾವಳಿ ಬರೆದೆ. ಕೊನೆಯ ಸಾಲು: "ಹೆಚ್ಚುವರಿ ರೂ. 12ರ ಮೂಲ ಪತ್ತೆ ಹಚ್ಚುವ ಹೊಣೆಯನ್ನು ಸರ್ವಾನುಮತದಿಂದ ಕಾರ್ಯದರ್ಶಿಗೆ ವಹಿಸಲಾಯಿತು."

ಕೆಳಗೆ ಸಹಿ ಹಾಕಿದೆ. ಕಾರ್ಯದರ್ಶಿ ನಾನೇ.