ಎಚ್‌ಐವಿ ಪರೀಕ್ಷೆಯೂ ದೊಡ್ಡವರ ಲಸಿಕೆಯೂ ಒಂದೇ ಕಡೆ ಸಿಗಲಿ

ಚಿತ್ರದುರ್ಗ ಜಿಲ್ಲೆಯ ನಮ್ಮ ಹಳ್ಳಿಗಳಲ್ಲಿ ಗುರುವಾರ ಬಂತೆಂದರೆ ತಾಯಂದಿರು ತಾಯಿ ಕಾರ್ಡ್ ಹಿಡಿದು, ಕೂಸುಗಳನ್ನು ಎತ್ತಿಕೊಂಡು ಅಂಗನವಾಡಿಗೆ ಬರುತ್ತಾರೆ. ಯಾವ ಮಗುವಿಗೆ ಯಾವ ಡೋಸ್ ಬಾಕಿ ಇದೆ ಎಂಬುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಬಾರದವರ ಮನೆಗೆ ತಾವೇ ಹೋಗಿ ಕರೆತರುತ್ತಾರೆ. ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವುದೇ ಲಸಿಕೆಯ ಕೆಲಸಕ್ಕೆ ದೊಡ್ಡ ಬಲ. ಆದರೆ ಎಚ್‌ಐವಿ ಪರೀಕ್ಷೆಯ ಮಾತು ಬಂದಾಗ ಅದೇ ಪರಿಚಯ ಅಡ್ಡ ಬರುತ್ತದೆ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ತಮ್ಮನ್ನು ಕಂಡವರು ಸಂಜೆಯೊಳಗೆ ಊರಿಗೆಲ್ಲ ಹೇಳಿಯಾರು ಎಂಬ ಭಯದಿಂದ, ಹತ್ತಿರದಲ್ಲೇ ಮಾತ್ರೆ ಸಿಗುತ್ತಿದ್ದರೂ ಬೇರೆ ಜಿಲ್ಲೆಗೆ ಬಸ್ ಹತ್ತುವವರನ್ನು ನಾನು ಬಲ್ಲೆ.

ಈ ಭಯ ಇಂದಿಗೂ ಉಳಿದಿರುವುದು ನನಗೆ ತೀರಾ ನೋವಿನ ಸಂಗತಿ. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಪ್ರಕರಣಗಳು ಪತ್ತೆಯಾದಾಗ ಔಷಧವೇ ಇರಲಿಲ್ಲ. 2004ರಿಂದ ಸರ್ಕಾರವೇ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತಿದೆ. ದಿನಕ್ಕೊಂದು ಮಾತ್ರೆಯನ್ನು ತಪ್ಪದೆ ನುಂಗಿ, ರಕ್ತದಲ್ಲಿನ ವೈರಾಣುವನ್ನು ಪರೀಕ್ಷೆಗೂ ಸಿಗದಷ್ಟು ತಗ್ಗಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿತ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ಶೇ. 15ರಿಂದ 45ರವರೆಗೆ ಇರುತ್ತದೆ. ಸಕಾಲಕ್ಕೆ ಚಿಕಿತ್ಸೆ ದೊರೆತರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಇಷ್ಟೆಲ್ಲ ಸಾಧ್ಯವಾಗುವುದು ಪರೀಕ್ಷೆ ಮಾಡಿಸಿಕೊಂಡ ಮೇಲೆ.

ಎಚ್‌ಐವಿಗೆ ಲಸಿಕೆ ಇನ್ನೂ ಬಂದಿಲ್ಲ. ಥಾಯ್ಲೆಂಡಿನ ಪ್ರಯೋಗವೊಂದು 2009ರಲ್ಲಿ ಶೇ. 31ರಷ್ಟು ರಕ್ಷಣೆ ತೋರಿಸಿ ಆಸೆ ಹುಟ್ಟಿಸಿತು. ಅದೇ ದಾರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ದೊಡ್ಡ ಪ್ರಯೋಗವನ್ನು ಫಲ ಕಾಣದೆ 2020ರಲ್ಲಿ ನಿಲ್ಲಿಸಬೇಕಾಯಿತು. ಹಾಗೆಂದು ಲಸಿಕೆಗೂ ಎಚ್‌ಐವಿಗೂ ಸಂಬಂಧವಿಲ್ಲವೆಂದು ತಿಳಿಯಬಾರದು. ರಕ್ತ, ಲೈಂಗಿಕ ಸಂಪರ್ಕ, ಹೆರಿಗೆ ಎಂಬ ಅವೇ ದಾರಿಗಳಲ್ಲಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಕೂಡ ಹರಡುತ್ತದೆ, ಮತ್ತು ಅದಕ್ಕೆ ಒಳ್ಳೆಯ ಲಸಿಕೆಯಿದೆ. ಈಗಿನ ಮಕ್ಕಳಿಗೆ ಅದು ಹುಟ್ಟಿದ 24 ಗಂಟೆಯೊಳಗೆ ಸಿಗುತ್ತದೆ. ಆದರೆ ಆ ಲಸಿಕೆ ದೇಶದ ಎಲ್ಲ ಕಡೆಗೂ ಬಂದದ್ದು 2011ರ ಹೊತ್ತಿಗೆ. ಅದಕ್ಕೆ ಮೊದಲು ಹುಟ್ಟಿದವರಲ್ಲಿ, ಅಂದರೆ ಇಂದು ದುಡಿಯುವ ವಯಸ್ಸಿನವರಲ್ಲಿ, ಬಹುಪಾಲು ಜನ ಅದನ್ನು ಪಡೆದಿಲ್ಲ. ಅವರಿಗೆ ಬೇಕಾದದ್ದು ಆರು ತಿಂಗಳ ಅವಧಿಯಲ್ಲಿ ಮೂರು ಚುಚ್ಚುಮದ್ದು. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು ಹೆಚ್ಚು ಎನ್ನುವಾಗ, ಆ ಕ್ಯಾನ್ಸರ್‌ಗೆ ಕಾರಣವಾಗುವ ವೈರಾಣುವನ್ನು ತಡೆಯುವ ಎಚ್‌ಪಿವಿ ಲಸಿಕೆಯ ಮಾತನ್ನೂ ಇಲ್ಲಿಯೇ ಆಡಬೇಕಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ: ದೊಡ್ಡವರಿಗೆ ಲಸಿಕೆ ಹಾಕುವ, ಬಿಪಿ, ಸಕ್ಕರೆ ನೋಡುವ ಜಾಗದಲ್ಲಿಯೇ ಎಚ್‌ಐವಿ ಪರೀಕ್ಷೆಯೂ ಸಿಗಬೇಕು. ಹತ್ತು ಕಾರಣಗಳಿಗೆ ಜನ ಬರುವ ಸಾಲಿನಲ್ಲಿ ನಿಂತವರು ಯಾವ ಕಾರಣಕ್ಕೆ ಬಂದರೆಂದು ಹೇಳುವುದು ಯಾರಿಂದಲೂ ಆಗದು. ಬಾಗಿಲ ಮೇಲೆ ರೋಗದ ಹೆಸರು ಬರೆದ ಕೊಠಡಿ ಎಷ್ಟೇ ಹತ್ತಿರವಿದ್ದರೂ ಅದಕ್ಕೆ ಹೋಗಲು ಎದೆಗಾರಿಕೆ ಬೇಕು. ಮೊಳಕಾಲ್ಮೂರಿನ ಕೂಲಿ ಹೆಣ್ಣುಮಗಳಿಂದ ನಾವು ಅಂಥ ಎದೆಗಾರಿಕೆಯನ್ನು ಯಾಕಾದರೂ ನಿರೀಕ್ಷಿಸಬೇಕು?

ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರಗಳನ್ನು ಹಾದುಹೋಗುತ್ತದೆ. ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದ ಅದಿರಿನ ಲಾರಿಗಳು ಬರುತ್ತವೆ. ಚಾಲಕರಿಗೆ ಬಿಡುವು ಸಿಗುವುದು ರಾತ್ರಿ, ನಮ್ಮ ಆರೋಗ್ಯ ಕೇಂದ್ರಗಳು ತೆರೆದಿರುವುದು ಹಗಲು. ಲಾರಿಗಳು ತಂಗುವ ಕಡೆ ಸಂಜೆಯ ಹೊತ್ತು ಇಂಥ ಶಿಬಿರ ನಡೆಯಬೇಕು. ಲೈಂಗಿಕ ವೃತ್ತಿಯ ಮಹಿಳೆಯರು, ಲಿಂಗತ್ವ ಅಲ್ಪಸಂಖ್ಯಾತರು ಮತ್ತು ಚಾಲಕರ ನಡುವೆ, ಅವರಲ್ಲೊಬ್ಬರಾಗಿಯೇ ಇದ್ದು ಕಾಂಡೋಮ್ ತಲುಪಿಸುವ, ಜೊತೆಗೆ ಹೋಗಿ ಪರೀಕ್ಷೆ ಮಾಡಿಸುವ ಸಮುದಾಯದ ಕಾರ್ಯಕರ್ತರಿದ್ದಾರೆ. ಆಸ್ಪತ್ರೆಯ ಕಟ್ಟಡ ಗಳಿಸಲಾಗದ ನಂಬಿಕೆಯನ್ನು ಅವರು ಗಳಿಸಿದ್ದಾರೆ. ಎರಡನೆಯ, ಮೂರನೆಯ ಚುಚ್ಚುಮದ್ದಿಗೆ ಜನರನ್ನು ನೆನಪಿಸಿ ಕರೆತರುವುದು ಅವರಿಂದಲೇ ಸಾಧ್ಯ. ಆ ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕು. ಈಗಾಗಲೇ ಹೊರಲಾರದಷ್ಟು ಕೆಲಸ ಹೊತ್ತಿರುವ ಆಶಾ ಕಾರ್ಯಕರ್ತೆಯರ ಹೆಗಲಿಗೆ ಇದನ್ನೂ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಶಿಬಿರವೆಂದ ಮಾತ್ರಕ್ಕೆ ಎಲ್ಲರ ರಕ್ತವನ್ನೂ ಸಾರಾಸಗಟಾಗಿ ತೆಗೆಯುವಂತಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ತಿಳಿಸಿ ಹೇಳಿ ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು, ಫಲಿತಾಂಶವನ್ನು ಗುಟ್ಟಾಗಿಡಬೇಕು. ಲಸಿಕೆಯ ಸಾಲು ಹೊರಗಿರಲಿ, ಆಪ್ತಸಮಾಲೋಚಕರ ಮಾತು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯಲಿ. ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಜೀವಂತ ವೈರಾಣುವಿನ ಕೆಲವು ಲಸಿಕೆಗಳು ಸಲ್ಲವಾದ್ದರಿಂದ ವೈದ್ಯರೊಬ್ಬರು ಅಲ್ಲಿರಲೇಬೇಕು.

ಜಗಳೂರು, ಮೊಳಕಾಲ್ಮೂರು, ಹಿರಿಯೂರುಗಳಿಂದ ಇದನ್ನು ಮೊದಲು ಮಾಡಬಹುದು. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಸಮುದಾಯದ ಕಾರ್ಯಕರ್ತರನ್ನು ಎದುರಿಗೆ ಕೂರಿಸಿಕೊಂಡು ಜಾಗವನ್ನೂ ಹೊತ್ತನ್ನೂ ಗೊತ್ತುಮಾಡಲಿ. ಅಲ್ಲಿಯವರೆಗೆ, ಯಾರಲ್ಲೂ ಹೇಳಿಕೊಳ್ಳಲಾಗದೆ ಇದನ್ನು ಓದುತ್ತಿರುವವರು 1097ಕ್ಕೆ ಕರೆ ಮಾಡಿ ಕೇಳಬಹುದು. ಆ ಸಹಾಯವಾಣಿಗೆ ಹಣ ಕೊಡಬೇಕಿಲ್ಲ, ಹೆಸರನ್ನೂ ಹೇಳಬೇಕಿಲ್ಲ.