ಜೈಲಿಗೆ ಬಂದವರಿಗೆಲ್ಲ ಹೆಪಟೈಟಿಸ್ ಸಿ ಪರೀಕ್ಷೆ ಮಾಡಬೇಕೇ?

ಪರ: ಬಾಗಿಲಲ್ಲೇ ಕೇಳೋಣ

ನಮ್ಮ ಕರಾವಳಿಯಲ್ಲಿ ಲಿವರ್ ಕಾಯಿಲೆ ಅಂದರೆ ಕಾಮಾಲೆ. ಕಣ್ಣು ಹಳದಿಯಾದರೆ ನೆಲನೆಲ್ಲಿ ಅರೆದು ಕುಡಿಸುವ ಮನೆಗಳು ಈಗಲೂ ಇವೆ. ಹೆಪಟೈಟಿಸ್ ಸಿ ಹಾಗಲ್ಲ. ಹೆಚ್ಚಿನವರಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಲಿವರನ್ನು ತಿನ್ನುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಲಿವರ್ ಗಟ್ಟಿಯಾಗಿ ಕೆಡುವ ಸಿರೋಸಿಸ್ ಆಗಿರುತ್ತದೆ, ಕೆಲವರಿಗೆ ಕ್ಯಾನ್ಸರ್. ರಕ್ತ ಪರೀಕ್ಷೆ ಮಾಡಿಸದೆ ಇದು ಗೊತ್ತಾಗುವುದೇ ಇಲ್ಲ.

ಜೈಲಿನಲ್ಲೇ ಯಾಕೆ? ಇದು ರಕ್ತದಿಂದ ರಕ್ತಕ್ಕೆ ಹರಡುವ ವೈರಸ್. ಒಂದೇ ಸಿರಿಂಜ್ ಹಂಚಿಕೊಂಡವರು, ಒಂದೇ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಂಡವರು, ಒಂದೇ ಬ್ಲೇಡಿನಲ್ಲಿ ಗಡ್ಡ ಬೋಳಿಸಿಕೊಂಡವರು ಹೊರಗಿಗಿಂತ ಒಳಗೆ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯೂ ಕೈದಿಗಳನ್ನು ಪರೀಕ್ಷೆ ತಲುಪಬೇಕಾದವರ ಗುಂಪಿನಲ್ಲಿ ಇಟ್ಟಿದೆ. ಹೊರಗಿದ್ದಾಗ ಆಸ್ಪತ್ರೆಯ ಮೆಟ್ಟಿಲೇ ಹತ್ತದ ಎಷ್ಟೋ ಜನರನ್ನು ವೈದ್ಯರು ಮೊದಲ ಸಲ ನೋಡುವುದು ಜೈಲಿನಲ್ಲೇ.

ಈ ಕಾಯಿಲೆಗೆ ಲಸಿಕೆ ಇಲ್ಲ, ಆದರೆ ಮದ್ದು ಇದೆ. ಹೆಚ್ಚಿನವರಿಗೆ 12 ವಾರ ದಿನಾ ಮಾತ್ರೆ ನುಂಗಿದರೆ ಸಾಕು, ನೂರಕ್ಕೆ 95ರಷ್ಟು ಜನ ಪೂರ್ತಿ ಗುಣವಾಗುತ್ತಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮದ್ದೂ ಉಚಿತ. ಮಂಗಳೂರಿನ ಕೊಡಿಯಾಲ್‌ಬೈಲಿನ ಜೈಲಿನಿಂದ ಅದೇ ಊರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಎಷ್ಟು ದೂರ? ಆ ದಾರಿಯಷ್ಟೇ ಉಳಿದಿರುವಾಗ ಒಬ್ಬ ಮನುಷ್ಯನ ಲಿವರ್ ಹಾಳಾಗಲು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಒಳಗಿರುವವರೂ ಒಂದು ದಿನ ಹೆಂಡತಿ ಮಕ್ಕಳ ಬಳಿಗೇ ಬರುವವರು, ಅಲ್ವಾ?

ವಿರೋಧ: ಈಗಿರುವ ಹಾಗೆ ಬೇಡ

ಮದ್ದಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು 'ಎಲ್ಲರಿಗೂ, ಬಾಗಿಲಲ್ಲೇ' ಅನ್ನುವ ಮಾತಿಗೆ.

ಜಗಳದ ಕೇಸಿನಲ್ಲಿ ಒಳಗೆ ಬಂದ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಮೊದಲ ರಾತ್ರಿ. ಮನೆಯವರಿಗೆ ಸುದ್ದಿ ಮುಟ್ಟಿದೆಯೋ ಇಲ್ಲವೋ ಗೊತ್ತಿಲ್ಲ. ವಾರ್ಡರ್ ಎದುರು ನಿಂತಿರುವಾಗ 'ರಕ್ತ ಕೊಡ್ತೀಯಾ' ಅಂದರೆ ಅವನು ಬೇಡ ಅಂದಾನೆಯೇ? ಅದನ್ನು ಒಪ್ಪಿಗೆ ಅಂತ ನಾನು ಕರೆಯಲಾರೆ. ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಬೇಕು, ಗುಟ್ಟು ಕಾಯಬೇಕು ಅಂತ 2017ರ ಕಾನೂನು ಹೇಳುತ್ತದೆ. ಹೆಪಟೈಟಿಸ್ ಸಿಗೆ ಅಂಥ ಪ್ರತ್ಯೇಕ ಕಾನೂನಿನ ಆಸರೆ ಇಲ್ಲ.

ಇನ್ನು ಆ ಪರೀಕ್ಷೆ. ಬೆರಳು ಚುಚ್ಚಿ ಮಾಡುವ ಕಿಟ್ ತೋರಿಸುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು. ಮದ್ದಿಲ್ಲದೆ ತಾನಾಗಿ ಗುಣವಾದವರಲ್ಲೂ, ಮದ್ದು ತಿಂದು ಗುಣವಾದವರಲ್ಲೂ ಅದು ಪಾಸಿಟಿವ್ ಬರಬಹುದು. ವೈರಸ್ ಈಗಲೂ ಇದೆಯೇ ಅಂತ ತಿಳಿಯಲು ಆರ್‌ಎನ್‌ಎ ಪರೀಕ್ಷೆ ಬೇರೆ ಬೇಕು. ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಎರಡನೇ ವರದಿ ಬರುವಷ್ಟರಲ್ಲಿ ಹುಡುಗ ಜಾಮೀನಿನ ಮೇಲೆ ಹೋಗಿರುತ್ತಾನೆ. ಅವನ ಜೊತೆ ಹೋಗುವುದು 'ಪಾಸಿಟಿವ್' ಅನ್ನುವ ಒಂದು ಮಾತು ಮಾತ್ರ. ಒಳಗೇ ಉಳಿದವನನ್ನು ಉಡುಪಿ ಜಿಲ್ಲೆಯ ಹಿರಿಯಡ್ಕದ ಜೈಲಿನಿಂದ ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಪೊಲೀಸ್ ಬೆಂಗಾವಲು ಬೇಕು. ಅದು ಸಿಗದ ದಿನ ಚಿಕಿತ್ಸೆಯೂ ಮುಂದಕ್ಕೆ.

ಬ್ಯಾರಕ್‌ನಲ್ಲಿ ಗುಟ್ಟು ಉಳಿಯುವುದಿಲ್ಲ. ಒಟ್ಟಿಗೆ ಉಂಡರೆ, ಕೈ ಕುಲುಕಿದರೆ ಈ ವೈರಸ್ ಅಂಟುವುದಿಲ್ಲ ಅಂತ ಮೊದಲೇ ತಿಳಿಸಿ ಹೇಳದಿದ್ದರೆ ಆ ಹುಡುಗನ ತಟ್ಟೆ, ಲೋಟ ಬೇರೆಯಾಗುವುದು ಖಂಡಿತ.

ಕೇಳಿದವರಿಗೆ ಪರೀಕ್ಷೆ ಮಾಡಿ. ವಾರ್ಡರ್ ಇಲ್ಲದ ಕೋಣೆಯಲ್ಲಿ ವೈದ್ಯರು ವಿವರಿಸಿದ ಮೇಲೆ ಮಾಡಿ. ಆದರೆ ಅದಕ್ಕೂ ಮೊದಲು ಪ್ರತಿಯೊಬ್ಬರಿಗೂ ಅವರದೇ ಬ್ಲೇಡ್ ಕೊಡಿ. ಒಮ್ಮೆ ಗುಣವಾದ ಮಾತ್ರಕ್ಕೆ ದೇಹಕ್ಕೆ ರಕ್ಷಣೆ ಬರುವುದಿಲ್ಲ. 12 ವಾರ ಮಾತ್ರೆ ನುಂಗಿದವನು ಹದಿಮೂರನೇ ವಾರ ಅದೇ ಹಂಚಿಕೊಂಡ ಬ್ಲೇಡಿಗೆ ಮುಖ ಕೊಟ್ಟರೆ ವೈರಸ್ ಮತ್ತೆ ಬರಬಹುದು.